ಟಿಕೆಟ್ಟಿನ ಹಿಂದೆ ಬರೆದ ಚಿಲ್ಲರೆ

ಅಮ್ಮನಿಗೆ 72 ವರ್ಷ. ಮೊಣಕಾಲು ನೋವು, ಬಾಯಲ್ಲಿ ಉಳಿದಿರುವುದು ಏಳೆಂಟು ಹಲ್ಲು. ಆದರೂ ಮನೆದೇವರು, ಬಾದಾಮಿ ಹತ್ತಿರದ ಬನಶಂಕರಿಯನ್ನು ಒಂದು ಸಲ ನೋಡಿ ಬರಲೇಬೇಕು ಅಂತ ಹಠ. ಸರಿ, ಇಬ್ಬರೂ ಬೆಂಗಳೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆವು. ಬಾದಾಮಿಯಲ್ಲಿ ಇಳಿದಾಗ ಇನ್ನೂ ಕತ್ತಲು. ಸ್ಟೇಷನ್ನಿಂದ ಊರು ಐದು ಕಿಲೋಮೀಟರ್ ದೂರ. ಆಟೋದವನು ಲಾಡ್ಜ್ ಬಾಗಿಲು ತಟ್ಟಿ, ಮಲಗಿದ್ದ ಹುಡುಗನನ್ನು ಎಬ್ಬಿಸಿ, ನಮಗೆ ರೂಮು ಸಿಕ್ಕಿದ್ದು ನೋಡಿಯೇ ಹೋದ.

ಬೆಳಿಗ್ಗೆ ಗುಹೆಗಳ ಮೆಟ್ಟಿಲು ಹತ್ತಲು ಶುರು ಮಾಡಿದೆವು. ಮೊದಲ ಗುಹೆಗೇ ಅಮ್ಮ ಸುಸ್ತು. ಅಲ್ಲಿದ್ದ ಕಾವಲುಗಾರ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ನೆರಳಿಗೆ ಎಳೆದು ಕೂರಿಸಿದ. "ಅವ್ವಾರ, ಚೀಲ ಇಲ್ಲೆ ಕೊಡ್ರಿ. ಬಾಳೆಹಣ್ಣಿನ ವಾಸನಿ ಬಂತಂದ್ರ ಮಂಗ್ಯಾ ಬಿಡಂಗಿಲ್ಲ" ಅಂದ. ನಾನೊಬ್ಬನೇ ಮೇಲೆ ಹೋದೆ.

ಮೂರನೆಯ ಗುಹೆ 578ರದು, ಚಾಲುಕ್ಯರ ಮಂಗಳೇಶ ಮಾಡಿಸಿದ್ದು. ಹೆಡೆ ಎತ್ತಿದ ಹಾವಿನ ಮೇಲೆ ಕೂತ ವಿಷ್ಣುವನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ನನಗೆ ಬೇಕಿದ್ದದ್ದು ಅಲ್ಲಿನ ಪುಟ್ಟ ಕನ್ನಡ ಶಾಸನ. ಈ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟುಕೊಟ್ಟ ದತ್ತಿ ಅದು. ಅದರಲ್ಲಿ ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೂ ಪಾಲು. ಇದನ್ನು ಕೆಡಿಸಿದವನು ಏಳನೆಯ ನರಕದ ಹುಳುವಾಗಲಿ ಅಂತ ಶಾಪ ಬೇರೆ. ಹೂ ಕಟ್ಟುವವರ ಪಾಲು ಮುಟ್ಟಿದರೆ ಹುಳು! ಈ ರಾಜ ನನಗೆ ಜಾಸ್ತಿ ಇಷ್ಟವಾಗಿದ್ದು ಇದಕ್ಕೇ.

ಕೆಳಗೆ ಬಂದಾಗ ಕಾವಲುಗಾರ ಬಡಿಗೆ ಹಿಡಿದು ನಿಂತೇ ಇದ್ದ. ಅಮ್ಮ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು.

ಮಧ್ಯಾಹ್ನ ಬನಶಂಕರಿ. ದರ್ಶನವಾಯಿತು. ಹೊಂಡದ ಹತ್ತಿರ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಹೆಂಗಸರು "ಬರ್ರಿ ಅಣ್ಣಾರ, ರೊಟ್ಟಿ ತಿನ್ರಿ" ಅಂತ ಕರೆಯುತ್ತಾರೆ. ಒಬ್ಬಾಕೆಯ ಮುಂದೆ ಕೂತೆವು. ಜೋಳದ ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಸಣ್ಣ ಕುಡಿಕೆಯಲ್ಲಿ ಗಟ್ಟಿ ಮೊಸರು. ನಾನು ಕಟಕಟ ಅಂತ ತಿನ್ನುತ್ತಿದ್ದೆ. ಅಮ್ಮ ಒಂದು ಚೂರು ಬಾಯಿಗಿಟ್ಟು ಸುಮ್ನೆ ಕೂತರು.

ಆಕೆ ನೋಡಿದಳು. "ಹಲ್ಲಿಲ್ಲೇನ ಯವ್ವಾ?"

ಅಮ್ಮನಿಗೆ ನಾಚಿಕೆ. ಆಕೆ ಆಗಲೇ ತಟ್ಟೆ ಎಳೆದುಕೊಂಡಾಗಿತ್ತು. ಕೈ ತೊಳೆದು, ರೊಟ್ಟಿಯನ್ನು ಅಂಗೈಯಲ್ಲಿ ಒತ್ತಿ ರವೆಯಷ್ಟು ಸಣ್ಣಗೆ ಪುಡಿ ಮಾಡಿದಳು. ಅದರ ಮೇಲೆ ಇನ್ನೊಂದು ಇಡೀ ಕುಡಿಕೆ ಮೊಸರು ಸುರಿದಳು. ಉಪ್ಪು ಉದುರಿಸಿ, ಒಂದು ಚಿಟಿಕೆ ಶೇಂಗಾ ಚಟ್ನಿ ಹಾಕಿ ಐದು ಬೆರಳಿಂದ ಕಲಸಿದಳು. ಹಾಗೇ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು. "ಸ್ವಲ್ಪ ತಡೀ. ನೆನೀಲಿ." ಅಷ್ಟರಲ್ಲಿ ಬೇರೆ ಇಬ್ಬರು ಗಿರಾಕಿಗಳು ಬಂದು, ಕಾದು, ಪಕ್ಕದ ಬುಟ್ಟಿಗೆ ಹೋದರು. ಆಕೆ ತಲೆ ಎತ್ತಲಿಲ್ಲ. ಅಮ್ಮ ತಟ್ಟೆ ಖಾಲಿ ಮಾಡುವವರೆಗೂ "ನಮ್ಮತ್ತಿಗೂ ಹಿಂಗ ಕಲಸಿ ಕೊಡ್ತೀನಿ" ಅಂತ ಮಾತಾಡುತ್ತಿದ್ದಳು. ಎರಡನೇ ಕುಡಿಕೆಯ ದುಡ್ಡು ಮಾತ್ರ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ಮಾರನೇ ದಿನ ಪಟ್ಟದಕಲ್ಲಿಗೆ ಬಸ್ಸು. ಅಮ್ಮನಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ನನಗೆ 30 ರೂಪಾಯಿ. 500ರ ನೋಟು ಕೊಟ್ಟದ್ದಕ್ಕೆ ಕಂಡಕ್ಟರ್ ಗದರಿ, ಟಿಕೆಟ್ಟಿನ ಹಿಂದೆ 470 ಅಂತ ಗೀಚಿದ. ಇಳಿಯುವಾಗ ಅದೇ ಮನುಷ್ಯ ಡ್ರೈವರಿಗೆ ಕೂಗಿದ: "ಇನ್ನೊಂಚೂರು ಮುಂದ ತಗೋ, ಅವ್ವಾರಿಗೆ ಕಟ್ಟಿ ಸಿಗಲಿ." ಬಸ್ಸು ಕಲ್ಲಿನ ಕಟ್ಟೆಗೆ ತಾಗಿ ನಿಂತಿತು. ಒಂದು ಕೈ ಅವನು ಹಿಡಿದ, ಇನ್ನೊಂದು ನಾನು. ಅಮ್ಮ ಸಲೀಸಾಗಿ ಇಳಿದರು. ಬಸ್ಸು ಹೋಯಿತು. ಚಿಲ್ಲರೆಯೂ ಹೋಯಿತು.

ನೆನಪಾದದ್ದು ವಿರೂಪಾಕ್ಷ ಗುಡಿಯ ಮುಂದೆ ನಿಂತಾಗ. ರಾಣಿ ಲೋಕಮಹಾದೇವಿ ಕಟ್ಟಿಸಿದ ಅಷ್ಟು ಚೆಂದದ ಗುಡಿ, ನನ್ನ ತಲೆಯಲ್ಲಿ ಬರೀ 470. "ಹೋಗ್ಲಿ ಬಿಡೋ, ಹುಂಡಿಗೆ ಹಾಕಿದೆ ಅಂದ್ಕೋ" ಅಂದರು ಅಮ್ಮ.

ಸಂಜೆ ಸ್ಟಾಪಿನ ಚಹಾ ಅಂಗಡಿಯಲ್ಲಿ ಕೂತಿದ್ದೆವು. ಅಂಗಡಿಯವನು ಅಮ್ಮನನ್ನೇ ಎರಡು ಸಲ ನೋಡಿದ.

"ಮುಂಜಾನೆ ಬಾದಾಮಿ ಬಸ್ಸಿನಾಗ ಬಂದೋರೇನ್ರಿ? ಟಿಕೆಟ್ ಐತೇನು?"

ಜೇಬು ತಡಕಿ ತೆಗೆದುಕೊಟ್ಟೆ. ತಿರುಗಿಸಿ ನೋಡಿದ. ಗಲ್ಲಾಪೆಟ್ಟಿಗೆಯ ಮೂಲೆಯಿಂದ ಮಡಿಸಿದ ನೋಟುಗಳನ್ನು ತೆಗೆದ. "ಕಂಡಕ್ಟರ್ ವಾಪಸ್ ಟ್ರಿಪ್ಪಿನಾಗ ಕೊಟ್ಟು ಹೋಗ್ಯಾರ. ಮೊಣಕಾಲು ನೋವಿನ ಅಮ್ಮಾರು ಚಹಾ ಕುಡಿಯಾಕ ಬಂದೇ ಬರ್ತಾರ ಅಂದ್ರು. ಎಣಿಸ್ಕೊಳ್ರಿ."

ನಾನು ಎಣಿಸುತ್ತಿದ್ದಂತೆ ಅವನು ಕಿವಿಯ ಸಂದಿನಿಂದ ಪೆನ್ನು ತೆಗೆದು, ಟಿಕೆಟ್ಟಿನ ಮೇಲಿನ 470ಕ್ಕೆ ಅಡ್ಡಗೆರೆ ಎಳೆದು ವಾಪಸ್ ಕೊಟ್ಟ.