ವರದಿಯ ಬಲಭಾಗ

ಧಾರವಾಡದ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ತರಗತಿಯಲ್ಲಿ ನಮ್ಮ ಗುರುಗಳು ವಿಮರ್ಶಾತ್ಮಕ ಆತ್ಮಾವಲೋಕನವನ್ನು, ಅಂದರೆ ನಮ್ಮ ಅನಿಸಿಕೆಗಳನ್ನೂ ನಮ್ಮ ಅಧಿಕಾರವನ್ನೂ ನಾವೇ ಪ್ರಶ್ನಿಸಿಕೊಳ್ಳುವುದನ್ನು, ಫೀಲ್ಡ್ ವರ್ಕ್ ವರದಿಯ ಹಾಳೆಯ ಮೇಲೆಯೇ ಕಲಿಸುತ್ತಿದ್ದರು. ಹಾಳೆಯನ್ನು ಉದ್ದಕ್ಕೆ ಮಡಚಬೇಕು. ಎಡಕ್ಕೆ ಕಂಡದ್ದು, ಕೇಳಿದ್ದು. ಜನರ ಮಾತು ಅವರ ಬಾಯಲ್ಲಿ ಬಂದ ಹಾಗೆಯೇ. ಇದನ್ನು ಅದೇ ಸಂಜೆ ಬರೆಯಬೇಕು, ತಡವಾದರೆ ಅವರ ಮಾತು ಅಳಿಸಿ ನಮ್ಮ ಮಾತು ಉಳಿಯುತ್ತದೆ. ಬಲಭಾಗ ಮರುದಿನಕ್ಕೆ: ಎಡಕ್ಕೆ ಬರೆದದ್ದರ ಬಗ್ಗೆ ನಮ್ಮನ್ನೇ ಕೇಳಿಕೊಳ್ಳುವ ಪ್ರಶ್ನೆಗಳು.

‘ತಾಯಿಗೆ ಮಗಳ ಓದಿನ ಕಾಳಜಿ ಇಲ್ಲ’ ಎಂದು ಎಡಕ್ಕೆ ಬರೆದರೆ ಕೆಂಪು ಗೆರೆ ಬೀಳುತ್ತಿತ್ತು. “ಇದು ನೀವು ಕಂಡದ್ದೇನ್ರಿ, ಅಂದ್ಕೊಂಡದ್ದೇನ್ರಿ?” ಕಂಡದ್ದು ಇಷ್ಟೇ: ಶಾಲೆಯ ಹೊತ್ತಿನಲ್ಲಿ ಹುಡುಗಿ ಮನೆಯಲ್ಲಿ ತಮ್ಮನನ್ನು ಎತ್ತಿಕೊಂಡಿದ್ದಳು, ತಾಯಿ ಕೂಲಿಗೆ ಹೋಗಿದ್ದಳು. ಹಾಗಾದರೆ ಆ ಕೂಸನ್ನು ನೋಡಿಕೊಳ್ಳುವವರು ಯಾರು, ಕೂಲಿ ಬಿಟ್ಟರೆ ಆ ದಿನ ಒಲೆ ಹೇಗೆ ಉರಿಯಬೇಕು ಎಂಬ ಪ್ರಶ್ನೆಗಳು ಬಲಕ್ಕೆ ಬರುತ್ತಿದ್ದವು.

ಬ್ರಿಟಿಷರ ಕಾಲದಲ್ಲಿ ‘ಅಪರಾಧಿ’ ಎಂದು ಹಣೆಪಟ್ಟಿ ಹಚ್ಚಿದ ಸಮುದಾಯಗಳನ್ನು ಇರಿಸಿದ್ದ ಹುಬ್ಬಳ್ಳಿಯ ಸೆಟ್ಲಮೆಂಟ್‌ಗೆ ಹೋಗುವವರಿಗೆ ಇದು ಇನ್ನೂ ಅಗತ್ಯ. ‘ಹೆಸರು ಕೇಳಿದರೆ ಹೇಳುವುದಿಲ್ಲ, ಸಹಕಾರವಿಲ್ಲ’ ಎಂದು ಬರೆದುಬಿಡುವುದು ಸುಲಭ. ಆದರೆ 1871ರಲ್ಲಿ ಮೊದಲು ಬಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತ್ತು, ರದ್ದಾದದ್ದು 1952ರಲ್ಲಿ. ಸರ್ಕಾರದವರ ಮುಂದೆ ನಿಂತು ಹಾಜರಿ ಕೊಟ್ಟ ಹಿರಿಯರ ಮನೆಗಳಿಗೆ ಅಪರಿಚಿತರೊಬ್ಬರು ಪುಸ್ತಕ, ಪೆನ್ನು ಹಿಡಿದು ಬಂದರೆ ಬಾಯಿ ಕಟ್ಟದೆ ಇರುತ್ತದೆಯೇ? ನಮ್ಮ ಕೈಯಲ್ಲಿರುವ ಪುಸ್ತಕವೂ ಒಂದು ಅಧಿಕಾರ. ಇದನ್ನು ಕಾಣದಿದ್ದರೆ ಅವಲೋಕನ ವಿಮರ್ಶಾತ್ಮಕವಾಗುವುದಿಲ್ಲ.

ಅನುಭವವನ್ನು ಹಿಂತಿರುಗಿ ನೋಡಿ ಕಲಿಯಲು ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳ ಚಕ್ರವನ್ನೂ ಗುರುಗಳು ಓದಿಸುತ್ತಿದ್ದರು: ನಡೆದದ್ದು, ಅನಿಸಿದ್ದು, ಒಳಿತು–ಕೆಡುಕು, ವಿಶ್ಲೇಷಣೆ, ನಿರ್ಣಯ, ಮುಂದಿನ ಹೆಜ್ಜೆ. ಹೆಚ್ಚಿನ ವರದಿಗಳು ಎರಡನೆಯದರಲ್ಲೇ ನಿಲ್ಲುತ್ತವೆ, ‘ನನಗೆ ತುಂಬಾ ನೋವಾಯಿತು’ ಎಂದು. ಯಾರ ಕೈಯಲ್ಲಿ ಎಷ್ಟು ಅಧಿಕಾರವಿದೆ ಎಂಬ ಪ್ರಶ್ನೆಯನ್ನು ಆ ಚಕ್ರ ತಾನಾಗಿ ಕೇಳುವುದಿಲ್ಲ. ಅದನ್ನು ನಾಲ್ಕನೆಯ ಹಂತದಲ್ಲಿ ನಾವೇ ಸೇರಿಸಬೇಕು.

ಗ್ರೂಪ್ ಕಾನ್ಫರೆನ್ಸ್‌ನಲ್ಲಿ, ಅಂದರೆ ಫೀಲ್ಡ್ ವರ್ಕ್ ಬಗ್ಗೆ ಗುಂಪಾಗಿ ಚರ್ಚಿಸುವ ಸಭೆಯಲ್ಲಿ, ಆರೇಳು ಜನ. ಹೆಸರು, ಓಣಿ ಬದಲಿಸಿ ಒಬ್ಬರು ಒಂದೇ ಘಟನೆ ಓದಬೇಕು. ಉಳಿದವರು ಪ್ರಶ್ನೆ ಮಾತ್ರ ಕೇಳಬಹುದು, ಸಲಹೆ ಕೊಡುವ ಹಾಗಿಲ್ಲ. ಸಲಹೆ ಬಂದ ಕೂಡಲೇ ಓದಿದವರು ಯೋಚಿಸುವುದನ್ನು ಬಿಟ್ಟು ಸಮರ್ಥನೆಗೆ ಇಳಿಯುತ್ತಾರೆ. ಈ ಕಟ್ಟುಪಾಡು ಬಹಳ ಒಳ್ಳೆಯದಿತ್ತು.

ಅಂಕದ ಆಸೆಗೆ ತಪ್ಪೊಪ್ಪಿಗೆ ಬರೆಯುವ ಚಾಳಿಯೂ ಉಂಟಾಗುತ್ತದೆ. ಅದಕ್ಕೇ ಗುರುಗಳು ಬಲಭಾಗದ ಕೊನೆಗೆ ಮುಂದಿನ ಭೇಟಿಯಲ್ಲಿ ಬದಲಿಸುವ ಒಂದು ಕೆಲಸ ಬರೆಸುತ್ತಿದ್ದರು: ತಾಯಿ ಕೂಲಿಯಿಂದ ಬಂದ ಮೇಲೆ ಹೋಗುವುದು, ಪುಸ್ತಕ ಚೀಲದಲ್ಲೇ ಇಡುವುದು. ಮುಂದಿನ ವಾರದ ವರದಿಯಲ್ಲಿ ಅವರು ಮೊದಲು ಹುಡುಕುತ್ತಿದ್ದದ್ದು ಅದನ್ನೇ.