ಮಾತಾಡೂ ಕೌದಿ: ಪಾವಲಿ ತ್ಯಾಪಿ ಕೂಡ ಗುದ್ದಾಟ ಮುಗೀತು

ಕೌದಿ ಕಡೀಕೂ ಸರಿಯಾಗಿ ಮಾತಾಡಾಕತ್ತೈತ್ರೀ. ಹನ್ನೆರಡೂ ತ್ಯಾಪಿ (ಹೊಲಿದ ಅರಿವಿ ತುಂಡು), ಯಾವುದನ್ನ ಒತ್ತಿದ್ರ ಅದರದ ದನಿ, ಬಾಜೂದ್ದಲ್ಲ. ಮಳಿ ಹತ್ತಿದಾಗೂ ಸುಮ್‌ಸುಮ್ನ ತಾನ ಒದರೂದಿಲ್ಲ.

ಹೊಸದಾಗಿ ಓದಾವ್ರಿಗೆ ಚುಟುಕಾಗಿ ಹೇಳ್ತೀನಿ. ಬೆಟಗೇರಿಯೊಳಗ ನಮ್ಮ ಅಕ್ಕ ಕಲಸೂ ಸರಕಾರಿ ಸಾಲಿ, ನಲಿಕಲಿ ಖೋಲಿ, ಒಂದನೇತ್ತಾದಿಂದ ಮೂರನೇತ್ತಾದ ಹುಡುಗೂರು ಕೂಡೇ ಕುಂದರ್ತಾವ. ಮನಿಯೊಳಗ ಕನ್ನಡ ಆಡೂ ಹುಡುಗೂರು ಅದಾವ, ಉರ್ದು ಆಡೂವು ಅದಾವ, ಸಾವಜಿ ಮನಿ ಮಾತಿನವು ಅದಾವ, ತಾಂಡಾದಿಂದ ಬರೂ ಲಂಬಾಣಿ ಹುಡುಗೂರು ಅದಾವ. ಮನಿಗೊಂದ ಹಳೇ ಅರಿವಿ ತುಂಡು ತಂದು ಕೌದಿ ಹೊಲಿಸಿ, ತುಂಡು ಒತ್ತಿದ್ರ ಆ ಮನಿ ಅವ್ವನೋ ಅಜ್ಜಿನೋ ಮಕ್ಕಳನ್ನ ಊಟಕ್ಕ ಕರಿಯೂ ದನಿ ಬರಬೇಕು, ಅಷ್ಟ. ಚಾರ್ಟ್ ಬರದು ಗೋಡಿಗೆ ಹಚ್ಚಬಹುದಿತ್ತಲ್ಲ ಅಂತ ಭಾಳ ಮಂದಿ ಕೇಳ್ಯಾರ. ಗೋರ್ ಬೋಲಿಗೆ, ಅಂದ್ರ ಲಂಬಾಣಿ ಮಾತಿಗೆ, ತನ್ನದಾ ಲಿಪಿ ಇಲ್ರೀ, ಬರಿಯಾಕ ಒಂದೊಂದ ಕಡೆ ಒಂದೊಂದ ಲಿಪಿ ಎರವಲ ತಗೊಂತಾರ, ಮ್ಯಾಲ ಒಂದನೇತ್ತಾ ಹುಡುಗ್ರಿಗೆ ಯಾವ ಲಿಪೀನೂ ಇನ್ನೂ ಬರೂದಿಲ್ಲ, ದನಿ ಆದ್ರ ಹುಟ್ಟಿದಾಗಿಂದ ಬರ್ತೈತಿ. 2011ರ ಜನಗಣತಿಯೊಳಗ ಲಂಬಾಣಿ ಮಾತಾಡೂ ಮಂದಿ 32 ಲಕ್ಷಕ್ಕೂ ಜಾಸ್ತಿ, ಆದ್ರ ಅವರನ್ನ ಹಿಂದಿ ಲೆಕ್ಕದಾಗ ಸೇರಿಸ್ಯಾರ. ಸಂವಿಧಾನದ 350ಎ ವಿಧಿ, 1956ರಾಗ ಸೇರಿದ್ದು, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಾಗ ತಾಯಿಮಾತಿನೊಳಗ ಕಲಿಯಾಕ ಅನುಕೂಲ ಮಾಡಿಕೊಡ್ರಿ ಅಂತೈತಿ. ಕೌದಿಯಿಂದ ಅದೆಲ್ಲಾ ಆಗೂದಿಲ್ಲ, ಖರೆ, ಆದ್ರ ತಾಂಡಾದಿಂದ ಬರೂ ಒಬ್ಬ ಲಂಬಾಣಿ ಹುಡುಗಿ ಮನಿ ದನಿ ಸಾಲಿ ಖೋಲಿಯೊಳಗ ಒಮ್ಮಿಯಾರ ಕೇಳಬೇಕು, ಉಳದ ಹುಡುಗೂರೂ ಕೇಳಬೇಕು ಅನ್ನೂದು ನನ್ನ ಹಟ.

ರೆಕಾರ್ಡಿಂಗ್, ನ್ಯಾನೋ (ಸಣ್ಣ ಆರ್ಡುಯಿನೋ ಕಂಟ್ರೋಲರ್ ಬೋರ್ಡು), ಡಿಎಫ್‌ಪ್ಲೇಯರ್ (ಮೆಮೊರಿ ಕಾರ್ಡಿನಿಂದ ದನಿ ನುಡಸೂ ಬೋರ್ಡು) ವೈರಿಂಗ್ ಎಲ್ಲಾ ನಿಮಗ ಗೊತ್ತಿದ್ದದ್ದ, ಬಿಡ್ತೀನಿ. ಡಿಎಫ್‌ಪ್ಲೇಯರಿಗೆ ಕಮಾಂಡ್ ಹೋಗೂ ಆರ್‌ಎಕ್ಸ್ ಲೈನಿಗೆ 1ಕೆ ರೆಸಿಸ್ಟರ್, ಫೈಲಿಗೆ ಮೂರು ಅಂಕಿ ಹೆಸರು, ಮುಗೀತು.

ಜೀವಾ ತಿಂದದ್ದು ಟಚ್. ಮೊದಲ ಬೆರಳು ತಾಗಿದ್ದನ್ನ ಗುರುತಿಸೂ ಎಂಪಿಆರ್121 ಚಿಪ್ ಹಾಕಿದ್ದೆ, 12 ಎಲೆಕ್ಟ್ರೋಡು, 12 ತ್ಯಾಪಿ, ಹೇಳಿ ಮಾಡಿಸಿದಂಗ ಇತ್ತು. ಕಂಡಕ್ಟಿವ್ (ಕರೆಂಟ್ ಹಾಯೂ) ದಾರದಿಂದ ಪ್ರತಿ ತ್ಯಾಪಿ ಹಿಂದ ಸುರುಳಿ ಹೊಲಿದು ಬೋರ್ಡಿಗೆ ತಂದೆ. ಮನ್ಯಾಗ ಛಲೋ ನಡೀತು, ಸಾಲ್ಯಾಗ ಹಾಕಿದ ಕೂಡ್ಲೆ ಗೊಂದಲ ಚಾಲೂ. ಕಾರಣ ಹುಡುಕಿದ್ರ ಅದು ಲಂಬಾಣಿ ತ್ಯಾಪಿಯೊಳಗ ಇತ್ತು. ಹುಡುಗಿ ಅಜ್ಜಿ ತನ್ನ ಹಳೇ ಫೇಟಿಯಾದ್ದು (ಲಂಬಾಣಿ ಲಂಗದ್ದು) ಒಂದ ತುಂಡು ಕೊಟ್ಟಿದ್ಲು, ಅದರ ತುಂಬ ಕನ್ನಡಿ, ಕವಡಿ, ಅಂಚಿಗೆ ಸಾಲಾಗಿ ಹೊಲಿದ ಪಾವಲಿ, ಅಂದ್ರ 25 ಪೈಸೆ ನಾಣ್ಯ, 2011ರಾಗ ಚಲಾವಣಿ ನಿಂತ್ವಲ್ಲ, ಅದ ಪಾವಲಿ. ಅದರ ಬಾಜೂಕ ಸಾವಜಿ ಮನಿಯಿಂದ ಬಂದ ಲಗ್ನದ ಸೀರಿ ಸೆರಗು, ಹಳೇ ಜರಿ, ಮೀಟರ್ ಇಟ್ರ ಕರೆಂಟ್ ಹಾಯ್ತೈತಿ ಅಂತ ಚೊಲೋತ್ನಾಗ ಕಂಟಿನ್ಯುಟಿ ಬೀಪ್ ಕೊಡ್ತೈತಿ. ಪಾವಲಿ ಹೋಗಿ ದಾರಕ್ಕ ತಾಗ್ತೈತಿ, ಜರಿ ಪಾವಲಿಗೆ ತಾಗ್ತೈತಿ, ಚಿಪ್ಪಿಗೆ ಎರಡೂ ಕೂಡಿ ಒಂದ ದೊಡ್ಡ ಪ್ಯಾಡ್ ಆಗಿ ಕಾಣ್ತೈತಿ. ಮಳಿಗಾಲದಾಗ ಅರಿವಿ ಥಂಡಿ ಹಿಡದ ಮ್ಯಾಲಂತೂ ಥ್ರೆಶೋಲ್ಡ್ (ಮುಟ್ಟಿದ್ರು ಅಂತ ತಿಳಿಯೂ ಮಿತಿ) ಎಷ್ಟ ಏರಿಸಿದ್ರೂ ಇಳಿಸಿದ್ರೂ ನಿಲ್ಲವಲ್ದು, ಯಾರೂ ಮುಟ್ಟದಿದ್ದಾಗಿನ ಬೇಸ್‌ಲೈನ್ ಮುಂಜಾನೆ ಒಂದು, ಬಿಸಿಯೂಟದ ಹೊತ್ತಿಗೆ ಒಂದು.

ಆ ಹುಡುಗಿ ತನ್ನ ಅಜ್ಜಿ ತ್ಯಾಪಿ ಒತ್ತಿದ್ಲು. ಬ್ಯಾರೇದವರ ಮನಿ ದನಿ ಬಂತು. ಮತ್ತ ಜೋರಾಗಿ ಒತ್ತಿದ್ಲು, ಮತ್ತ ಅದ. ಆಕಿ ಕೈ ತಗದು ಲಂಗಕ್ಕ ಒರಸ್ಕೊಂಡು, ಅಂಗೈ ತಿರುವಿ ನೋಡ್ಕೊಂಡು, ಆಮ್ಯಾಲ ಒಂದ ಬೆರಳಿನಿಂದ ಹಗೂರಕ ಮುಟ್ಟಿದ್ಲು. ನನಗ ಅವತ್ತ ಊಟ ಸೇರ್ಲಿಲ್ಲ.

ಎಸ್‌ಡಿಎಂಸಿ, ಅಂದ್ರ ಸಾಲಿ ಅಭಿವೃದ್ಧಿ ಸಮಿತಿಯ ಹಿರೇರೊಬ್ರು, ಭಾಳ ಕಳಕಳಿಯಿಂದ್ಲ ಹೇಳಿದ್ರು, ಅದೊಂದ ತ್ಯಾಪಿ ತಗದು ಸಾದಾ ಕಾಟನ್ ಹಾಕಿಬಿಡ್ರಿ ತಮ್ಮಾ, ಇಲ್ಲಾ ಆ ಪಾವಲಿಯಷ್ಟ ಬಿಚ್ಚಿಬಿಡ್ರಿ ಅಂತ. ಐದ ನಿಮಿಷದ ಕೆಲಸ ಇತ್ತು. ನಾ ಒಪ್ಪಲಿಲ್ಲ. ಪಾವಲಿ ಬಿಚ್ಚಿದ ಮ್ಯಾಲ ಅದು ಆ ಅಜ್ಜಿ ಕೊಟ್ಟ ತುಂಡಾಗಿ ಉಳಿಯೂದಿಲ್ಲ. ಬದಲಾಗಬೇಕಾದ್ದು ನನ್ನ ಸೆನ್ಸರು.

ಹಂಗಾಗಿ ಎಂಪಿಆರ್121 ತಗದು ಒತ್ತೂ ಸ್ವಿಚ್ಚಿಗೆ ಬಂದೆ. ಎರಡು ಕಂಡಕ್ಟಿವ್ ಅರಿವಿ, ನಡುವ ತೂತು ಹೊಡದ ಫೋಮ್ ಶೀಟ್, ಒತ್ತಿದ್ರ ತೂತಿನೊಳಗ ಎರಡೂ ಕೂಡ್ತಾವ, ಇನ್‌ಪುಟ್ ಪುಲ್‌ಅಪ್ (ಒತ್ತದಿದ್ದಾಗ ಪಿನ್ನನ್ನ ಹೈ ಇಡೂದು), 50 ಮಿಲಿಸೆಕೆಂಡ್ ಡಿಬೌನ್ಸ್ (ಒಂದ ಒತ್ತು ಎರಡ ಸಲ ಎಣಿಸದಂಗ ತಡಿಯೂದು). ಮ್ಯಾಲಿನ ಅರಿವಿಯೊಳಗ ಜರಿ ಇರಲಿ ಬಂಗಾರ ಇರಲಿ ಇದಕ್ಕೇನೂ ಸಂಬಂಧಿಲ್ಲ. ನ್ಯಾನೋದಾಗ ಪಿನ್ನು ಹಿಡಿಸ್ತಾವ, ಡಿ2ರಿಂದ ಡಿ9, ಎ0ದಿಂದ ಎ3, ಎ6 ಎ7 ಮಾತ್ರ ಮುಟ್ಟಬ್ಯಾಡ್ರಿ, ಅವಕ್ಕ ಪುಲ್‌ಅಪ್ ಇಲ್ಲ.

ಇಲ್ಲಿ ಸಪ್ಲಾಯರ್ ಪುರಾಣ ಹೇಳಲಿಲ್ಲಂದ್ರ ಹೊಟ್ಟಿಗೆ ಸಮಾಧಾನ ಆಗೂದಿಲ್ಲ. ಆನ್‌ಲೈನ್ ಒಬ್ಬಾಂವ ಕಂಡಕ್ಟಿವ್ ಅರಿವಿ ಅಂತ ಕಳಿಸಿದ್ದು ಕಾರಿನ ಕವರ್ ಮಾಡೂ ಬೆಳ್ಳಿ ಬಣ್ಣದ ಅರಿವಿ, ಮೀಟರ್ ಕಡ್ಡಿ ಎಲ್ಲಿಟ್ರೂ ಓಪನ್, ಕರೆಂಟ್ ಹಾಯವಲ್ದು. ವಾಪಸ್ ತಗೋ ಅಂದ್ರ ಕತ್ತರಿಸಿದ ಮಾಲು ತಗೊಳ್ಳಲ್ಲ ಅಂತಾನ, ಕತ್ತರಿಸದ ಚೆಕ್ ಮಾಡೂದು ಹೆಂಗ? ಇನ್ನೊಬ್ಬಾಂವ ಡಿಎಫ್‌ಪ್ಲೇಯರ್ ಹೆಸರಿನಾಗ ಬ್ಯಾರೆ ಚಿಪ್ಪಿನ ಕ್ಲೋನ್ ಕಳಿಸಿದ, ಫೋಲ್ಡರ್ ಕಮಾಂಡಿಗೆ ಜವಾಬ ಇಲ್ಲ. ತಗೊಳ್ಳೂ ಮುಂಚೆ ಚಿಪ್ ಮ್ಯಾಲಿನ ಅಕ್ಷರದ ಫೋಟೋ ಕೇಳ್ರಿ, ಕಳಸಾಕ ಹಿಂದ ಮುಂದ ನೋಡಿದ್ರ ತಗೋಬ್ಯಾಡ್ರಿ.

ಸ್ವಿಚ್ ಮಾಡಿದ ಮ್ಯಾಲೂ ಪಂಚಾಯ್ತಿ ಮುಗೀಲಿಲ್ಲ. ಕೌದಿ ಅಂದ್ರ ಗುಬ್ಬರಸಿ ಗುಬ್ಬರಸಿ ಹೊಲಿಯೂದು, ಸಾಲ್‌ಸಾಲ ಹೊಲಿಗಿ ಫೋಮ್ ಮ್ಯಾಲೂ ಬಿತ್ತು, ಫೋಮ್ ಅಪ್ಪಚ್ಚಿ, ಸ್ವಿಚ್ ಯಾವಾಗಲೂ ಆನ್. ದಪ್ಪ ಫೋಮ್ ಹಾಕಿದ್ರ ಸಣ್ಣ ಹುಡುಗ್ರ ಬೆರಳಿಗೆ ಬಗ್ಗವಲ್ದು. ಹೊಲಿಗಿ ಕಗ್ಗಂಟು ಬಿಡಿಸಿದ್ದು ಕೌದಿ ಹೊಲಿದ ಗೋಂಧಳಿ ಅಕ್ಕಾರು. ಸ್ವಿಚ್ ಇರೂ ಚೌಕ ಬಿಟ್ಟು ಸುತ್ತಲೂ ಹೊಲಿದು, ಹಿಂದ ಕಿಸೆದಂಗ ಬಾಯಿ ಬಿಟ್ರು, ಸ್ವಿಚ್ ಜಾರಿಸಿ ಒಳಗ ಹಾಕೂದು, ಹೊರಗ ತಗಿಯೂದು. ಕೌದಿ ಅಂದಮ್ಯಾಲ ಹಬ್ಬಕ್ಕ ಒಗೀಬೇಕಲ್ಲೋ ಯಪ್ಪಾ, ವೈರಿನ ಸಮೇತ ಹಳ್ಳಕ್ಕ ಒಯ್ಯಾಕ ಆಗ್ತೈತೇನು ಅಂದ್ರು. ಆ ವಿಚಾರ ನನ್ನ ಡ್ರಾಯಿಂಗಿನಾಗ ಎಲ್ಲೂ ಇರ್ಲಿಲ್ಲ.

ಬೆರಳಿನ ಸಮಸ್ಯಾ ಬಿಡಿಸಿದ್ದು ಅದ ಪಾವಲಿ ತ್ಯಾಪಿ. ಎಲ್ಲಾ ತ್ಯಾಪಿ ಟೆಸ್ಟ್ ಮಾಡಬೇಕಾದ್ರ ಅದೊಂದು ಮಾತ್ರ ಹಗೂರಕ ಮುಟ್ಟಿದ್ರೂ ಓಗೊಡ್ತಿತ್ತು, ಉಳದವಕ್ಕ ಅಂಗೈ ಊರಬೇಕು. ಯಾಕಂದ್ರ ಪಾವಲಿ ಗಟ್ಟಿ, ಮೆತ್ತನ್ನ ಅರಿವಿಯೊಳಗ ಬೆರಳಿನ ಒತ್ತು ಹರಡಿ ಹೋಗ್ತೈತಿ, ಪಾವಲಿ ಅದನ್ನ ಹಂಗ ಹಿಡದು ಸೀದಾ ತೂತಿನ ಮ್ಯಾಲ ಇಳಸ್ತೈತಿ. ಗೊತ್ತಾದ ಮ್ಯಾಲ ಉಳದ ತ್ಯಾಪಿ ಒಳಮಗ್ಗಲಕ್ಕೂ ತೂತಿನ ನೇರಕ್ಕ ಅಂಗಿ ಗುಂಡಿ ಹೊಲಿದ್ವಿ. ಈಗ 3 ಮಿಮೀ ಫೋಮ್, 12 ಮಿಮೀ ತೂತು, ತೂತಿಗೊಂದ ಗುಂಡಿ, ಒಂದನೇತ್ತಾ ಹುಡುಗನ ಕಿರಿಬೆರಳಿಗೂ ಜವಾಬ ಕೊಡ್ತೈತಿ.

ಹುಡುಗೂರು ಒಂದ ಆಟ ಹೂಡ್ಯಾವ, ಕಣ್ಣ ಮುಚ್ಚಿ ಒಬ್ಬಾಂವ ಒತ್ತೂದು, ಯಾರ ಮನೀದು ಅಂತ ಇನ್ನೊಬ್ಬಾಂವ ಹೇಳೂದು. ಬಿಸಿಯೂಟಕ್ಕ ಕರಿಯಾಕೂ ಅಡಗಿ ಅಕ್ಕಾರು ಒಂದಿನ ಕೌದೀನ ಒತ್ತಿಬಿಟ್ರು, ಎಲ್ಲಾ ತಟ್ಟಿ ತಗೊಂಡು ಓಡಿದ್ವು.

ಮುಂದಿನ ಪ್ರಾಜೆಕ್ಟ್ ತಲ್ಯಾಗ ಕುಂತೈತಿ, ಮೊಹರಂ ಹೆಜ್ಜೆ ಮೇಳದ ಚಾಪಿ. ನಮ್ಮ ಕಡೆ ಮುಸ್ಲಿಂ ಮನಿ ಇಲ್ಲದ ಊರಾಗೂ ಪಂಜಾ ಕುಂದರಸ್ತಾರ, ಹೆಜ್ಜಿ ಎಲ್ಲಾ ಜಾತಿ ಹುಡುಗೂರು ಹಾಕ್ತಾವ. ಚಾಪಿ ಮ್ಯಾಲ ಹೆಜ್ಜಿ ಇಟ್ರ ಹಲಗಿ ದನಿ ಬರಬೇಕು. ಇದಕ್ಕ ಡಿಎಫ್‌ಪ್ಲೇಯರ್ ನಡಿಯೂದಿಲ್ಲ, ಕಮಾಂಡ್ ಕೊಟ್ಟು ದನಿ ಬರೂದ್ರಾಗ ತಾಳ ತಪ್ಪಿರ್ತೈತಿ. ಈಎಸ್‌ಪಿ32 (ನ್ಯಾನೋಕ್ಕಿಂತ ಜೋರಾದ ಕಂಟ್ರೋಲರ್), ಐ2ಎಸ್ (ಡಿಜಿಟಲ್ ದನಿ ತಗೊಳ್ಳೂ) ಆಂಪ್ಲಿಫೈಯರ್ ಹಾಕೂ ವಿಚಾರ ಐತಿ, ಸ್ಯಾಂಪಲ್ ಎಲ್ಲಾ ಫ್ಲ್ಯಾಶ್‌ನಾಗ ಇಟ್ಟು. ಪೂರಾ ಮೈಭಾರ ತಡ್ಕೊಂಡು ಮತ್ತ ಎದ್ದು ಬರೂ ಫೋಮ್ ಬೇಕು, ಕೈ ಒತ್ತಿಗೆ ತಂದದ್ದು ಕಾಲಿಗೆ ತಡಿಯೂದಿಲ್ಲ. ಹುಬ್ಬಳ್ಳಿ ಕಡೆ ಚಪ್ಪಲ್ ಸೋಲ್ ಮಾಡೂ ಗಟ್ಟಿ ಶೀಟ್ ಬಿಡಿಯಾಗಿ ಎಲ್ಲಿ ಸಿಗ್ತೈತಿ ಗೊತ್ತಿದ್ದವ್ರು ಹೇಳ್ರಿ, ಇಡೀ ಬಂಡಲ್ ತಗೊಳ್ರಿ ಅನ್ನೂ ಅಂಗಡಿ ಮಾತ್ರ ಬ್ಯಾಡ.