ಗುಟ್ಟಿನ ಬಾಗಿಲ ಹಿಂದಿನ ಸುಶಿ: ದುಡ್ಡು ಊಟಕ್ಕೋ, ವೇಷಕ್ಕೋ?

ಹೊರಗೆ ಹೆಸರಿನ ಫಲಕವಿಲ್ಲದ ಬಾಗಿಲು, ಒಳಗೆ ಮಂದ ಬೆಳಕು, ಎದೆಗೆ ತಾಗುವ ಸಂಗೀತ, ಹತ್ತು ಹನ್ನೆರಡು ಕುರ್ಚಿಗಳ ಒಂದೇ ಕೌಂಟರ್, ಅದರಾಚೆ ನಿಂತು ಒಂದೊಂದೇ ತುಂಡು ಸುಶಿ ಮಾಡಿ ಮುಂದಿಡುವ ಬಾಣಸಿಗ. ಇಂಥ ಒಮಾಕಾಸೆ ಬಾರ್‌ಗಳ ಬಗ್ಗೆ ನಾನು ಮಾತೆತ್ತಿದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ಅಲ್ಲಿ ಸಿಗುವುದು ನಿಜವಾದ ಸುಶಿಯೋ, ಇಲ್ಲವೇ ನಾವು ಹಣ ತೆರುವುದು ಆ ಕತ್ತಲೆಗೂ ಗುಟ್ಟಿಗೂ ಮಾತ್ರವೋ? ಬಾಗಿಲು ಎಲ್ಲಿದೆ ಎಂಬುದಕ್ಕೂ ಸುಶಿಯ ಗುಣಕ್ಕೂ ಯಾವ ನಂಟೂ ಇಲ್ಲ, ಸದ್ದಿಗೆ ಮಾತ್ರ ಸ್ವಲ್ಪ ಇದೆ, ಉಳಿದದ್ದನ್ನೆಲ್ಲ ಅನ್ನವೇ ಹೇಳುತ್ತದೆ ಎಂಬುದು ನನ್ನ ಉತ್ತರ.

ಒಮಾಕಾಸೆಯಲ್ಲಿ ಗಿರಾಕಿ ಆರಿಸುವುದಿಲ್ಲ. ಅಂದಿನ ಮೀನು ನೋಡಿ ಏನನ್ನು, ಯಾವ ಕ್ರಮದಲ್ಲಿ ಬಡಿಸಬೇಕೆಂದು ಬಾಣಸಿಗನೇ ನಿರ್ಧರಿಸುತ್ತಾನೆ. ಇದನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಹಲವರು, ಸುಶಿ ಎಂದರೆ ಪಿಸುಮಾತಿನ, ಬಿಳಿ ಮರದ ಕೌಂಟರಿನ, ದೇವಾಲಯದಂಥ ಮೌನದ ಊಟವೆಂದು ನಂಬಿರುತ್ತಾರೆ. ಆ ಮೌನ ನಡುವೆ ಬಂದದ್ದು. ಇಂದು ನಾವು ತಿನ್ನುವ ನಿಗಿರಿ, ಅಂದರೆ ಹಿಡಿಯನ್ನದ ಮೇಲೆ ಮೀನಿನ ಹೋಳಿಟ್ಟು ಒತ್ತಿದ ಸುಶಿ, ರೂಪುಗೊಂಡದ್ದು ಇಂದಿನ ಟೋಕಿಯೋ ಆಗಿರುವ ಎಡೋ ನಗರದಲ್ಲಿ. 1820ರ ದಶಕದ ಹನಾಯಾ ಯೊಹೆಯ್ ಎಂಬಾತನಿಗೆ ಅದರ ಶ್ರೇಯಸ್ಸನ್ನು ಸಾಮಾನ್ಯವಾಗಿ ಕೊಡಲಾಗುತ್ತದೆ. ಅದು ಬೀದಿ ಬದಿಯ ಗಾಡಿಗಳಲ್ಲಿ, ನಿಂತುಕೊಂಡು, ಕೈಯಿಂದಲೇ ಎತ್ತಿ ಬಾಯಿಗಿಟ್ಟು ಮುಂದೆ ಸಾಗುವವರ ತಿಂಡಿಯಾಗಿತ್ತು. ಗದ್ದಲದಲ್ಲಿ ಹುಟ್ಟಿದ ತಿನಿಸು ಗದ್ದಲದಲ್ಲಿ ಕೆಟ್ಟುಹೋಗುತ್ತದೆ ಎಂಬ ವಾದವನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ.

ಗುಟ್ಟಿನ ವಿಷಯಕ್ಕೆ ಬಂದರೆ, ಟೋಕಿಯೋದ ಗಿಂಜಾದಲ್ಲಿರುವ ಪ್ರಸಿದ್ಧ ಸುಶಿ ಅಂಗಡಿ ಸುಕಿಯಾಬಾಶಿ ಜಿರೊ ಕೂಡ ಕಚೇರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಹತ್ತೇ ಕುರ್ಚಿಗಳೊಂದಿಗೆ ನಡೆದುಬಂದದ್ದು. ಅಲ್ಲಿ ಯಾರೂ ಅಡಗಿಕೊಂಡಿರಲಿಲ್ಲ. ಬಚ್ಚಿಟ್ಟ ಬಾಗಿಲಿನ ಶೋಕಿ ಬಂದದ್ದು ಬೇರೆ ದಾರಿಯಿಂದ: ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಜಾರಿಯಲ್ಲಿದ್ದಾಗ ಪೊಲೀಸರ ಕಣ್ಣು ತಪ್ಪಿಸಿ ನಡೆಯುತ್ತಿದ್ದ ಮದ್ಯದಂಗಡಿಗಳಿಂದ. ಅಂದು ಅದು ಅನಿವಾರ್ಯ, ಇಂದು ಅಲಂಕಾರ. ಫೋನಿನಲ್ಲಿ ಮುಂಗಡ ಹಣ ಕಟ್ಟಿ, ದಾರಿ ತೋರಿಸುವ ಸಂದೇಶ ಪಡೆದು ಹೋಗುವ ಜಾಗದಲ್ಲಿ ಗುಟ್ಟಾದರೂ ಎಲ್ಲಿ ಉಳಿದಿರುತ್ತದೆ? ಆ ಆಟ ಹಿಡಿಸಿದರೆ ಆಡಿ. ಹಿಡಿಸದಿದ್ದರೂ ಒಳಗಿನ ಊಟಕ್ಕೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಈಗ ಅನ್ನದ ಮಾತು. ವಿನೆಗರ್, ಉಪ್ಪು ಮತ್ತು ಕೆಲವರ ಕೈಯಲ್ಲಿ ಕೊಂಚ ಸಕ್ಕರೆ ಬೆರೆಸಿದ ಈ ಅನ್ನಕ್ಕೆ ಸುಶಿಯವರು ಶಾರಿ ಎನ್ನುತ್ತಾರೆ. ಅದು ಬಾಯಿಗೆ ತಣ್ಣಗಿರಬಾರದು. ಹೆಚ್ಚುಕಡಿಮೆ ಮೈಬಿಸಿಯಷ್ಟಿರಬೇಕು, ಮೇಲಿನ ಮೀನು ಅದಕ್ಕಿಂತ ತುಸು ತಣ್ಣಗಿರಬೇಕು. ಬಾಣಸಿಗನ ಕೈಯನ್ನು ಹತ್ತಿರದಿಂದ ನೋಡಿ: ವಿನೆಗರ್ ಬೆರೆಸಿದ ನೀರಿನಲ್ಲಿ ಬೆರಳದ್ದಿ, ಬಲಗೈಯಲ್ಲಿ ಅನ್ನ ಎತ್ತಿಕೊಂಡು, ಎಡ ಅಂಗೈಯ ಮೀನಿಗೆ ವಸಾಬಿ ಎಂಬ ಖಾರದ ಹಸಿರು ಗಡ್ಡೆಯ ಚೂರು ಮುದ್ದೆ ಸವರಿ, ಅನ್ನವನ್ನು ಅದರ ಮೇಲಿಟ್ಟು, ತಿರುವಿ, ಕೆಲವೇ ಬಾರಿ ಒತ್ತಿ ಮುಗಿಸುತ್ತಾನೆ, ಕೊನೆಗೆ ಕುದಿಸಿ ಹದಗೊಳಿಸಿದ ಸೋಯಾ ರಸವನ್ನು ಕುಂಚದಿಂದ ಬಳಿಯುತ್ತಾನೆ. ಒತ್ತುವ ಕೈ ಪಳಗಿದ್ದರೆ ಅಗುಳುಗಳ ನಡುವೆ ಗಾಳಿ ಉಳಿದಿರುತ್ತದೆ, ಆದ್ದರಿಂದ ತಟ್ಟೆಗಿಟ್ಟ ಮರುಕ್ಷಣ ಆ ತುಂಡು ತನ್ನ ಭಾರಕ್ಕೆ ತಾನೇ ಕೂದಲೆಳೆಯಷ್ಟು ಕುಸಿಯುತ್ತದೆ. ಬೆರಳಲ್ಲಿ ಎತ್ತಿದಾಗ ಚದುರದೆ, ನಾಲಗೆಯ ಮೇಲೆ ತಾನಾಗಿ ಬಿಡಿಬಿಡಿಯಾಗುವ ಅನ್ನವನ್ನು ಯಾವ ಕತ್ತಲೆಯೂ ಯಾವ ಹಾಡೂ ನಕಲು ಮಾಡಲಾರವು. ಮೊದಲೇ ಉಂಡೆ ಕಟ್ಟಿ ಪೆಟ್ಟಿಗೆಯಲ್ಲಿಟ್ಟಿದ್ದನ್ನು ತೆಗೆದು ಮೀನು ಹೊದಿಸುವುದು ಕಂಡುಬಂದರೆ, ಅಲ್ಲಿ ನೀವು ಸಂಗೀತಕ್ಕೇ ಹಣ ಕೊಡುತ್ತಿದ್ದೀರಿ.

ಸದ್ದು ಮಾತ್ರ ನಿರ್ಲಕ್ಷಿಸುವಂಥದ್ದಲ್ಲ. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ವಿಮಾನದೊಳಗಿನಂಥ ಗದ್ದಲವನ್ನು ಕೇಳಿಸುತ್ತ ಜನರಿಗೆ ರುಚಿ ನೋಡಿಸಿದಾಗ ಸಿಹಿ ಮಂಕಾಗಿ, ಸೋಯಾ ರಸದಲ್ಲಿರುವಂಥ ಉಮಾಮಿ ಎಂಬ ರುಚಿ ಹೆಚ್ಚು ಗಾಢವಾಗಿ ತೋರಿತು. ಬಾರಿನ ಸಂಗೀತ ವಿಮಾನದ ಮೊರೆತವಲ್ಲವಾದರೂ ನನ್ನ ಅನುಭವ ಇದಕ್ಕೆ ದೂರವಿಲ್ಲ: ಸೋಯಾದಲ್ಲಿ ನೆನೆಸಿದ ಟ್ಯೂನಾ, ಕೊಂಬು ಎಂಬ ಕಡಲಪಾಚಿಯ ನಡುವೆ ಇಟ್ಟು ಹದಗೊಳಿಸಿದ ಬಿಳಿ ಮೀನು, ಉಪ್ಪು-ವಿನೆಗರ್ ಹಿಡಿಸಿದ ಕೊಹಾದ ಎಂಬ ಸಣ್ಣ ಮೀನು, ಇವು ಗಲಾಟೆಯಲ್ಲೂ ತಮ್ಮ ಮಾತನ್ನು ಕೇಳಿಸುತ್ತವೆ, ಸ್ಕ್ಯಾಲಪ್ ಎಂಬ ಚಿಪ್ಪುಜೀವಿ ಮತ್ತು ಹಸಿ ಸೀಗಡಿಯ ನವಿರಾದ ಸಿಹಿ ಮಸುಕಾಗುತ್ತದೆ. ಇದನ್ನು ಬಲ್ಲ ಬಾಣಸಿಗ ತನ್ನ ಸರಣಿಯನ್ನು ಅದಕ್ಕೆ ತಕ್ಕಂತೆ ಹೆಣೆಯುತ್ತಾನೆ, ಸಾಕೆ ಎಂಬ ಅಕ್ಕಿಮದ್ಯದ ತಯಾರಿಕೆಯಲ್ಲಿ ಉಳಿದ ಗಷ್ಟಿನಿಂದ ಮಾಡಿದ ಕೆಂಪು ವಿನೆಗರ್ ಬಳಸಿ ಅನ್ನಕ್ಕೂ ಬಲ ಕೊಡುತ್ತಾನೆ. ಸದ್ದಿನಿಂದ ಆಗುವ ದೊಡ್ಡ ನಷ್ಟ ಬೇರೆಯದು. ಕೌಂಟರ್ ಇರುವುದೇ ಮಾತಿಗಾಗಿ, ಮೀನಿನ ಹೆಸರು ಕೇಳುವುದಕ್ಕಾಗಿ, ವಸಾಬಿ ಕಡಿಮೆ ಇರಲಿ ಎಂದು ಹೇಳುವುದಕ್ಕಾಗಿ; ಬಾಣಸಿಗ ಕಿರುಚಬೇಕಾದ ಕಡೆ ಒಮಾಕಾಸೆ ಬರೀ ನಿಗದಿತ ಊಟವಾಗಿಬಿಡುತ್ತದೆ.

ಕತ್ತಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಣೆ ಕತ್ತಲಾಗಿದ್ದರೂ ಕತ್ತರಿಸುವ ಹಲಗೆಯ ಮೇಲೆ ಒಳ್ಳೆಯ ಬೆಳಕು ಬೀಳುತ್ತಿರಬೇಕು. ಹಲಗೆಯೂ ಕತ್ತಲಲ್ಲಿದ್ದರೆ ಅದು ನನಗೆ ಅನುಮಾನದ ಸಂಗತಿ. ಮೀನು ತಾಜಾ ತಾನೇ ಎಂಬ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಹಸಿಯಾಗಿ ತಿನ್ನುವ ಎಷ್ಟೋ ಮೀನನ್ನು ಮೊದಲು ಹೆಪ್ಪುಗಟ್ಟಿಸಿಯೇ ಬಡಿಸುತ್ತಾರೆ, ಅದು ಪರಾವಲಂಬಿ ಹುಳುಗಳನ್ನು ಕೊಲ್ಲುವುದಕ್ಕಾಗಿ; ಅಮೆರಿಕದ ಆಹಾರ ಇಲಾಖೆಯ ಮಾರ್ಗಸೂಚಿಯಂತೆ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ 7 ದಿನ ಇಡುವುದು ಅದರ ಒಂದು ಕ್ರಮ. ಟ್ಯೂನಾದಂಥ ದೊಡ್ಡ ಮೀನನ್ನು ದಿನಗಟ್ಟಲೆ ತಂಪಿನಲ್ಲಿಟ್ಟು ಮಾಗಿಸುವುದೂ ಉಂಟು. ಇಂದೇ ಹಿಡಿದದ್ದು ಎಂಬ ಜಂಬದ ಮಾತಿಗೆ ಸುಶಿಯಲ್ಲಿ ಅಷ್ಟೇನೂ ಬೆಲೆಯಿಲ್ಲ.

ವೇಷ ಬಯಲಾಗುವುದು ಮೀನಿನ ಮೇಲಿನ ಅಲಂಕಾರಗಳಲ್ಲಿ. ಮೀನಿನ ಕೊಬ್ಬನ್ನು ಬೆಂಕಿಯ ನಾಲಗೆಯಿಂದ ತುಸು ಸುಡುವುದು ಒಪ್ಪಿತ ಕ್ರಮವೇ. ಆದರೆ ತುಂಡು ತುಂಡಿಗೂ ಬೆಂಕಿ ಹಚ್ಚಿ, ಚಿನ್ನದ ರೇಕು ಅಂಟಿಸಿ, ಟ್ರಫಲ್ ಎಂಬ ದುಬಾರಿ ಅಣಬೆಯ ಘಮದ ಎಣ್ಣೆ ಸುರಿದು, ಅದೇ ಹೊತ್ತಿಗೆ ಎಲ್ಲರೂ ಫೋನ್ ಎತ್ತುವಂತೆ ಮಾಡುವ ಕಡೆ ಮೀನಿನ ರುಚಿ ಯಾರಿಗೂ ಬೇಕಾಗಿಲ್ಲವೆಂದೇ ಅರ್ಥ. ಹಾಗೆಯೇ ವಸಾಬಿಯ ಗಡ್ಡೆಯನ್ನು ಕಣ್ಣೆದುರೇ ತೇಯುತ್ತಿದ್ದಾರೆಯೇ ಎಂದು ನೋಡಿ. ತೇಯ್ದ ಕೆಲವೇ ನಿಮಿಷಗಳಲ್ಲಿ ಅದರ ಘಮ ಇಳಿದುಹೋಗುತ್ತದೆ, ಮತ್ತು ಅಗ್ಗದ ಹಸಿರು ಮುದ್ದೆಯಲ್ಲಿ ಹೆಚ್ಚಾಗಿ ಇರುವುದು ಹಾರ್ಸ್‌ರ್ಯಾಡಿಶ್ ಎಂಬ ಬೇರೊಂದು ಖಾರದ ಬೇರು, ಬಣ್ಣ ಹಾಕಿದ್ದು.

ನಮ್ಮ ಕಡೆಯಿಂದಲೂ ಕೆಲವು ಸಲ್ಲಬೇಕು. ಎಲ್ಲರಿಗೂ ಒಟ್ಟಿಗೆ ಬಡಿಸುವ ಪದ್ಧತಿಯಲ್ಲಿ ತಡವಾಗಿ ಹೋದವರು ಇಡೀ ಸಾಲನ್ನೇ ಕಾಯಿಸುತ್ತಾರೆ. ಘಾಟಾದ ಸುಗಂಧ ಪಕ್ಕದವರ ಊಟವನ್ನೂ ಕೆಡಿಸುತ್ತದೆ. ಅಲರ್ಜಿಯಿದ್ದರೆ ಕುಳಿತ ಮೇಲಲ್ಲ, ಬುಕ್ ಮಾಡುವಾಗಲೇ ತಿಳಿಸಬೇಕು. ಕೈಗಿತ್ತ ನೋರಿಯ, ಅಂದರೆ ಗರಿಗರಿ ಕಡಲಪಾಚಿ ಹಾಳೆಯ, ಸುರುಳಿ ಮಾತು ಮುಗಿಯುವವರೆಗೆ ಕಾಯುವುದಿಲ್ಲ, ಮೆತ್ತಗಾಗುತ್ತದೆ. ರಾತ್ರಿಯ ರಂಗಿಗೆ ಕಾಕ್‌ಟೇಲ್ ಬೇಕೆನ್ನಿಸುವುದು ಸಹಜವಾದರೂ, ಹುಳಿಸಿಹಿ ತುಂಬಿದ ಲೋಟ ಬಿಳಿ ಮೀನನ್ನು ನುಂಗಿಹಾಕುತ್ತದೆ. ಸಾಕೆ ಅಥವಾ ಸೋಡಾ ಬೆರೆಸಿದ ವಿಸ್ಕಿಯಿಂದ ಸುಶಿ ಮುಗಿಸಿ, ಸರಣಿಯ ಕೊನೆಗೆ ಬರುವ ಮೊಟ್ಟೆಯ ತುಂಡು ಬಂದ ಮೇಲೆ ಬೇಕಾದದ್ದನ್ನು ತರಿಸಿಕೊಳ್ಳಿ.

ಆದ್ದರಿಂದ ಹೋಗಬೇಕೋ ಬೇಡವೋ ಎಂದು ಕೇಳುವವರಿಗೆ ನಾನು ಯಾವ ಸರದಿ, ಅಂದರೆ ಸಂಜೆಯ ಎಷ್ಟನೇ ತಂಡದೊಂದಿಗೆ ಕೂರುತ್ತೀರಿ ಎಂದು ತಿರುಗಿ ಕೇಳುತ್ತೇನೆ. ಇಂಥ ಕಡೆಗಳಲ್ಲಿ ಸಂಜೆಯ ಮೊದಲ ಸರದಿಗೆ ಸಂಗೀತ ಸಾಮಾನ್ಯವಾಗಿ ತಗ್ಗಿರುತ್ತದೆ, ಬಾಣಸಿಗನ ಬಳಿ ಮಾತಿಗೆ ಬಿಡುವಿರುತ್ತದೆ; ಸುಶಿಗಾಗಿ ಹೋಗುವವರು ಅದನ್ನೇ ಹಿಡಿಯಲಿ, ಸಾಧ್ಯವಾದರೆ ಕೌಂಟರಿನ ನಡುವಿನ ಕುರ್ಚಿಯನ್ನು ಕೇಳಲಿ. ಗೆಳೆಯರೊಂದಿಗೆ ರಾತ್ರಿ ಕಳೆಯುವುದೇ ಉದ್ದೇಶವಾದರೆ ಕೊನೆಯ ಸರದಿಗೆ ಹೋಗಿ, ಆಗ ನಿಮ್ಮನ್ನು ಎಬ್ಬಿಸಲು ಹಿಂದೆ ಯಾರೂ ಕಾಯುತ್ತಿರುವುದಿಲ್ಲ.